ಮೇಜಿನ ಮೇಲೆ ಪೆನ್ಸಿಲ್ ಬೇಡ

ಮೊದಲ ದಿನವೇ ಅವರು ನನ್ನ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಕಿಟಕಿಯ ಮೇಲಿಟ್ಟರು. ಕಸಿದುಕೊಂಡರು ಅಂತಲ್ಲ. ಚಿಕ್ಕ ಮಕ್ಕಳ ಕೈಯಿಂದ ಕತ್ತರಿ ತೆಗೆದುಕೊಳ್ಳುತ್ತೇವಲ್ಲ, ಹಾಗೆ ಮೆಲ್ಲಗೆ.

"ನನ್ನ ಮೇಜಿನ ಮೇಲೆ ಪೆನ್ಸಿಲ್ ಬೇಡ. ಬರೆಯೋದಾದರೆ ಪೆನ್ನಿನಲ್ಲಿ ಬರೀರಿ. ತಪ್ಪಾದರೆ ಅದರ ಮೇಲೆ ಒಂದು ಗೀಟು ಎಳೆಯಿರಿ. ತಪ್ಪು ಕಾಣ್ತಾ ಇರಲಿ."

ರಿಟೈರ್ಡ್ ಸ್ಕೂಲ್ ಟೀಚರ್ ಎಂದು ಮೊದಲೇ ಕೇಳಿದ್ದೆ. ಟೀಚರುಗಳಿಗೆ ಇಂಥ ಒಂದೊಂದು ಹುಚ್ಚು ಇರುತ್ತದೆ. ಮಂಗಳೂರಿನ ನನ್ನ ಕಾನ್ವೆಂಟಿನಲ್ಲಿ ಒಬ್ಬ ಸಿಸ್ಟರ್ ಇದ್ದರು, ನಾವು ಮಾರ್ಜಿನ್ ದಾಟಿ ಬರೆದರೆ ಆ ಪುಟವನ್ನೇ ಹರಿಯುತ್ತಿದ್ದರು. ಇದೂ ಆ ಜಾತಿಯದೇ ಅಂದುಕೊಂಡು, ಬ್ಯಾಗಿನಿಂದ ಪೆನ್ ತೆಗೆದು, "ಎಸ್ ಮಿಸ್" ಅಂದೆ. ಅವರು ನಕ್ಕರು. ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದಿ, ಅದರಿಂದ ನಗು ಸ್ವಲ್ಪ ಶಿಳ್ಳೆಯಾಗಿ ಬರುತ್ತಿತ್ತು.

ಅವರು ಹೋಗಿ ಇನ್ನೂ ನಲವತ್ತು ದಿನ ಆಗಿಲ್ಲ. ಹೆಸರು ಬರೆಯುವುದಿಲ್ಲ. ನಮ್ಮ ಕೆಲಸದಲ್ಲಿ ಯಾರ ಹೆಸರನ್ನೂ ಬರೆಯುತ್ತಿರಲಿಲ್ಲ, ಬರೀ ನಂಬರ್. ಆ ನಿಯಮವನ್ನು ಎಲ್ಲರಿಗಿಂತ ಕಟ್ಟುನಿಟ್ಟಾಗಿ ಪಾಲಿಸಿದವರು ಅವರೇ. ನಾವೆಲ್ಲ ಅವರನ್ನು ಬೀಬಿ ಎನ್ನುತ್ತಿದ್ದೆವು. ಸ್ವಾಹಿಲಿಯಲ್ಲಿ ಅಜ್ಜಿಯನ್ನು, ಹಿರಿಯ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಎತ್ತರದ ಆಳು, ಕಡು ಕಪ್ಪು ಬಣ್ಣ. ಕಪ್ಪು ಅಬಾಯ ನಿಲುವಂಗಿಯ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ. ಕನ್ನಡಕಕ್ಕೆ ಕಟ್ಟಿದ ದಾರ ಕೂಡ ಯಾವುದೋ ಶೂವಿನ ಲೇಸೇ.

ಹುಟ್ಟಿದ್ದು ಝಾಂಜಿಬಾರಿನಲ್ಲಿ. ಹುಡುಗಿಯಾಗಿದ್ದಾಗಲೇ ಅಪ್ಪನ ಜೊತೆ ಮಸ್ಕತ್‌ಗೆ ಬಂದವರು. ಪಾಸ್‌ಪೋರ್ಟ್ ಒಮಾನಿನದು, ಮನೆ ಮಸ್ಕತ್ತಿನದೇ ಬೌಷರ್ ಬಡಾವಣೆಯಲ್ಲಿ. ಆದರೂ "ನಿಮ್ಮದು ಯಾವ ಊರು?" ಎಂದು ಜನ ಕೇಳುವುದು ನಿಲ್ಲಲಿಲ್ಲ.

"ಬೌಷರ್."

"ಅಲ್ಲ, ಅದಕ್ಕೆ ಮುಂಚೆ?"

"ಬೌಷರಿಗೆ ಮುಂಚೆ ಒಂದು ಸಿಗ್ನಲ್ ಬರುತ್ತೆ" ಅನ್ನುತ್ತಿದ್ದರು ಬೀಬಿ.

ಒಮ್ಮೆ ಎಲ್ಲೋ ಫಾರ್ಮ್ ತುಂಬುವಾಗ ಕೌಂಟರಿನ ಹುಡುಗಿ ಇವರ ಮುಖ ನೋಡಿ, "ಕಫೀಲ್ ಫೋನ್ ನಂಬರ್ ಕೊಡಿ" ಅಂದಳಂತೆ. ಕಫೀಲ್ ಅಂದರೆ ಪರದೇಶಿಗಳ ವೀಸಾಕ್ಕೆ ಜವಾಬ್ದಾರನಾದ ಧಣಿ. ಬೀಬಿ ತಮ್ಮ ನಂಬರನ್ನೇ ಕೊಟ್ಟರು. ಆ ಹುಡುಗಿ ಅಲ್ಲೇ ಡಯಲ್ ಮಾಡಿದಳು. ಅವಳೆದುರೇ ನಿಂತು ಬೀಬಿ ಫೋನ್ ಎತ್ತಿ, "ಹಲೋ, ಕಫೀಲ್ ಮಾತಾಡ್ತಿರೋದು, ಈ ಹೆಂಗಸು ಬಹಳ ಒಳ್ಳೆಯವಳು" ಅಂದರಂತೆ. ಈ ಕತೆಯನ್ನು ನನ್ನೆದುರು ಏಳೆಂಟು ಸಲವಾದರೂ ಹೇಳಿದ್ದಾರೆ. ನಾನು ಪ್ರತಿಸಲ ನಕ್ಕಿದ್ದೇನೆ. ಪ್ರತಿಸಲ ನಗುವಿನ ಕೊನೆಯಲ್ಲಿ ಒಂದು ಅಳುಕು. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ನಾನು ಆ ಕೆಲಸಕ್ಕೆ ಸೇರಿದ್ದು ಮನೆಯಲ್ಲಿ ಕೂತು ಬೇಜಾರಾಗಿ. ಒಮಾನಿಗೆ ಬಂದು ಮೂವತ್ತು ವರ್ಷ ದಾಟಿದೆ, ಅದರಲ್ಲಿ ಹತ್ತೊಂಬತ್ತು ವರ್ಷ ಒಂದು ಪ್ರೈವೇಟ್ ಕ್ಲಿನಿಕ್ಕಿನ ರಿಸೆಪ್ಷನ್. ಆ ಕ್ಲಿನಿಕ್ ಈಗ ಇಲ್ಲ, ಆ ಜಾಗದಲ್ಲಿ ಪರದೆ ಬಟ್ಟೆಯ ಅಂಗಡಿ ಇದೆ. ನಮ್ಮವರು ತೀರಿಕೊಂಡ ಮೇಲೆ ಅಲ್ ಅಜೈಬಾದಲ್ಲಿ ಮಗಳ ಮನೆಯಲ್ಲಿದ್ದೇನೆ. ಯೂನಿವರ್ಸಿಟಿಯ ಒಂದು ರಿಸರ್ಚ್ ಟೀಮಿಗೆ ರೆಕಾರ್ಡಿಂಗ್ ಕೇಳಿ ಟೈಪ್ ಮಾಡುವವರು ಬೇಕು, ಮೆಡಿಕಲ್ ಶಬ್ದಗಳು ಗೊತ್ತಿದ್ದರೆ ಒಳ್ಳೆಯದು ಎಂದು ಮಗಳ ಸ್ನೇಹಿತೆ ಹೇಳಿದಳು.

"ಮಮ್ಮಿ, ಯು ಆರ್ ಸೆವೆಂಟಿ-ಟೂ" ಅಂದಳು ಮಗಳು.

"ಟೈಪ್‌ರೈಟರಿಗೆ ನನ್ನ ವಯಸ್ಸು ಗೊತ್ತಾಗಲ್ಲ" ಅಂದೆ.

"ಈಗ ಟೈಪ್‌ರೈಟರ್ ಇಲ್ಲ ಮಮ್ಮಿ."

ಆ ಟೀಮಿನ ಕೆಲಸ ಹೀಗೆ: ಕಪ್ಪು ಹೆಂಗಸರಿಗೂ ಡಾಕ್ಟರುಗಳಿಗೂ ನಡುವೆ ನಂಬಿಕೆ ಎಷ್ಟಿದೆ, ಎಲ್ಲಿ ಕೆಡುತ್ತದೆ ಎಂದು ತಿಳಿಯುವುದು. ಬೀಬಿಯಂಥ ಸ್ವಾಹಿಲಿ ಮಾತಾಡುವ ಒಮಾನಿ ಮನೆತನದವರು, ಉಗಾಂಡಾ, ಕೀನ್ಯಾ, ತಾಂಜಾನಿಯಾದಿಂದ ಮನೆಗೆಲಸಕ್ಕೆ ಬಂದವರು, ಇಬ್ಬರನ್ನೂ ಮಾತಾಡಿಸಬೇಕು. ಹೆಡ್ ಆಗಿದ್ದವರು ಒಬ್ಬ ಒಮಾನಿ ಪ್ರೊಫೆಸರ್, ನಲವತ್ತರ ಹೆಂಗಸು, ಸದಾ ಗಡಿಬಿಡಿ. ಮಾತಾಡಿಸುವ ಕೆಲಸ ಬೀಬಿಯದು, ಟೈಪಿಂಗ್ ನನ್ನದು. ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ, ನಡುವೆ ಸ್ವಾಹಿಲಿ ಬಂದರೆ ಬೀಬಿ ನನಗೆ ಅರ್ಥ ಹೇಳುತ್ತಿದ್ದರು. ದೊಡ್ಡ ಕಟ್ಟಡ ಕಂಡರೆ ಹೆಂಗಸರು ಹೆದರುತ್ತಾರೆಂದು ಬೀಬಿಯೇ ಹಟ ಮಾಡಿ ಅಜೈಬಾದ ಒಂದು ಹಳೇ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಎರಡು ರೂಮು ಹಿಡಿಸಿದ್ದರು. ಲಿಫ್ಟ್ ಇಲ್ಲ. ಕೆಳಗೆ ನಮ್ಮ ಬಂಟ್ವಾಳ ಕಡೆಯ ಬ್ಯಾರಿ ಹಸನಬ್ಬನ ಕೆಫೆಟೇರಿಯಾ.

ಬೀಬಿ ಮಾತಾಡಿಸುವ ರೀತಿಯೇ ಬೇರೆ. ಬಂದವಳ ಎದುರು ಕೂರುತ್ತಿರಲಿಲ್ಲ, ಪಕ್ಕದಲ್ಲಿ ಕೂರುತ್ತಿದ್ದರು. ರೆಕಾರ್ಡರನ್ನು ಆನ್ ಮಾಡಿ, ಎತ್ತಿ ಅವಳ ಕೈಯಲ್ಲೇ ಇಡುತ್ತಿದ್ದರು. "ಈ ಕೆಂಪು ಬಟನ್ ನಿನ್ನದು. ಸಾಕು ಅನಿಸಿದಾಗ ಒತ್ತು. ಯಾಕೆ ಅಂತ ನಾನು ಕೇಳಲ್ಲ." ಮೊದಮೊದಲು ಎಲ್ಲರೂ ಬಟನ್ನಿನ ಮೇಲೆ ಬೆರಳು ಬಿಗಿಯಾಗಿ ಇಟ್ಟುಕೊಂಡೇ ಮಾತಾಡುವರು. ಅರ್ಧ ಗಂಟೆಯಲ್ಲಿ ರೆಕಾರ್ಡರ್ ಮಡಿಲಿಗೆ ಜಾರಿರುತ್ತಿತ್ತು.

ಪಾಪ, ಅಯ್ಯೋ, ಸಾರಿ, ಇಂಥದ್ದೇನೂ ಬೀಬಿಯ ಬಾಯಲ್ಲಿ ಬರುತ್ತಿರಲಿಲ್ಲ. ಕೇಳುತ್ತಿದ್ದ ಪ್ರಶ್ನೆಗಳು ಸಾದಾ. "ಡಾಕ್ಟರ್ ಕೊಟ್ಟ ಮಾತ್ರೆ ಏನು ಮಾಡಿದೆ?" ಅದಕ್ಕೆ ಹೆಚ್ಚಿನವರ ಉತ್ತರ, ತಿನ್ನಲಿಲ್ಲ, ಡಬ್ಬಿಯಲ್ಲಿದೆ. ಆಗ ಬೀಬಿ, "ಯಾವ ಡಬ್ಬಿ?" ಅನ್ನುವರು. ಬಿಸ್ಕತ್ ಡಬ್ಬಿ, ಹಾಲಿನ ಪುಡಿ ಡಬ್ಬಿ. ಡಬ್ಬಿಯಿಂದ ಶುರುವಾದ ಮಾತು ಎಲ್ಲಿಗೋ ಹೋಗಿ ನಿಲ್ಲುತ್ತಿತ್ತು. ನಾನು ಮೂಲೆಯಲ್ಲಿ ಕೂತು ಪೆನ್ನಿನಲ್ಲಿ ನೋಟ್ಸ್ ಬರೆಯುತ್ತಿದ್ದೆ.

ಸೇರಿದ ಎರಡನೇ ತಿಂಗಳಲ್ಲಿ ನನ್ನ ಮೊದಲನೇ ಆತಂಕ ಶುರುವಾಯಿತು. ಮೆಟ್ಟಿಲು ಹತ್ತುವಾಗ ಬೀಬಿ ಎರಡನೇ ತಿರುವಿನಲ್ಲಿ ನಿಲ್ಲುತ್ತಿದ್ದರು. ಒಂದು ಕೈ ಗೋಡೆಗೆ, ಇನ್ನೊಂದು ಎಡ ಎದೆಯ ಕೆಳಗೆ. ತುಟಿಯ ಮೇಲೆ ಬೆವರು.

"ಏನಾಯ್ತು ಬೀಬಿ?"

"ಮೆಟ್ಟಿಲು ಎಣಿಸ್ತಾ ಇದ್ದೆ, ತಪ್ಪಿಹೋಯ್ತು."

ಹತ್ತೊಂಬತ್ತು ವರ್ಷ ಗಾಜಿನ ಹಿಂದೆ ಕೂತು ಬಾಗಿಲಿನಿಂದ ಬರುವವರನ್ನು ನೋಡಿದವಳು ನಾನು. ಯಾರ ಕೈ ಎಲ್ಲಿಗೆ ಹೋಗುತ್ತದೆ ನೋಡಿದರೆ ಯಾವ ಡಾಕ್ಟರ ಹತ್ತಿರ ಕಳಿಸಬೇಕು ಅನ್ನುವಷ್ಟು ಗೊತ್ತಾಗುತ್ತದೆ. ಚೆಕಪ್ ಮಾಡಿಸಿ ಅಂದೆ. ನಕ್ಕರು. ಮತ್ತೆ ಅಂದೆ. "ಇನ್ನೊಂದು ಸಲ ಹೇಳಿದರೆ ನಿಮ್ಮ ಹೋಮ್‌ವರ್ಕ್ ಹರಿದುಹಾಕ್ತೀನಿ" ಅಂದರು. ಅವರು ತಮಗಾಗಿ ಡಾಕ್ಟರ ಬಾಗಿಲು ತಟ್ಟಿ ಎಷ್ಟೋ ವರ್ಷವಾಗಿತ್ತೆಂದು ಅವರ ಮಗಳು ನನಗೆ ಹೇಳಿದ್ದಳು. ಮಕ್ಕಳು ಮೊಮ್ಮಕ್ಕಳನ್ನೆಲ್ಲ ತಾವೇ ಆಸ್ಪತ್ರೆಗೆ ಕರೆದುಕೊಂಡು ಹೋಗುವವರು. ತಮ್ಮ ಸರದಿ ಬಂದರೆ ಶುಂಠಿ ಕಷಾಯ.

ಬಾಯಲ್ಲಿ ಹೇಳಲಾಗದ್ದನ್ನು ಬರೆದಿಡುವುದು ನನ್ನ ಅಭ್ಯಾಸ. ನನ್ನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆಯತೊಡಗಿದೆ. ಸೋಮವಾರ, ಎರಡನೇ ತಿರುವು, ಅರ್ಧ ನಿಮಿಷ. ಬುಧವಾರ, ಎರಡು ಕಡೆ ನಿಂತರು, ಎಡಗೈ ಜುಮ್ಮೆನ್ನುತ್ತದೆ ಅಂದರು. ಹಸನಬ್ಬನೂ ಗಮನಿಸಿದ್ದ.

"ಎಂತ ಅಮ್ಮ, ನಿಮ್ಮ ದೊಡ್ಡ ಟೀಚರಿಗೆ ಹುಷಾರಿಲ್ವಾ? ಮೊದಲೆಲ್ಲ ಚಾಯಕ್ಕೆ ಅವರೇ ಕೆಳಗೆ ಬರ್ತಿದ್ರು. ಈಗ ಫೋನ್ ಮಾಡ್ತಾರೆ ಮಾರಾಯ್ರೆ."

"ನೀವೇ ಒಂದು ಮಾತು ಹೇಳಿ ನೋಡಿ ಹಸನಬ್ಬ."

"ನಾನಾ? ಸಕ್ಕರೆ ಕಮ್ಮಿ ಮಾಡಿ ಅಂದದ್ದಕ್ಕೇ ಒಂದು ವಾರ ಮಾತು ಬಿಟ್ಟಿದ್ರು. ಖಲಾಸ್, ನನಗೆ ಧೈರ್ಯ ಇಲ್ಲ."

ಎರಡನೇ ಆತಂಕ ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ನನ್ನದೇ.

ಹನ್ನೊಂದನೇ ನಂಬರಿನ ರೆಕಾರ್ಡಿಂಗ್. ಉಗಾಂಡಾದ ಹೆಂಗಸು, ಮನೆಗೆಲಸ. ಇಲ್ಲಿ ಬರೆಯಲು ಅವಳ ಒಪ್ಪಿಗೆ ಕೇಳಿದ್ದೇನೆ, ಹ್ಞೂಂ ಅಂದಿದ್ದಾಳೆ. ವರ್ಷಗಳ ಹಿಂದೆ ತೀರಾ ಬೆನ್ನುನೋವೆಂದು ಒಂದು ಕ್ಲಿನಿಕ್ಕಿಗೆ ಹೋಗಿದ್ದಳಂತೆ. ಹೆಡ್‌ಫೋನಿನಲ್ಲಿ ಅವಳ ಸ್ವರ: "ಗಾಜಿನ ಹಿಂದೆ ಕೂತಿದ್ದ ಹೆಂಗಸು ನನ್ನ ಕಾರ್ಡಿನ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ಸೊನ್ನೆ ಬರೆದಳು. ಡಾಕ್ಟರ್ ಮೊದಲು ಅದನ್ನು ನೋಡಿದ. ಆಮೇಲೆ ನನ್ನ ಮುಖವನ್ನೇ ನೋಡಲಿಲ್ಲ. ನನಗೆ ಸ್ಕೂಲಿನಲ್ಲಿ ಯಾವತ್ತೂ ಸೊನ್ನೆ ಬಂದಿರಲಿಲ್ಲ."

ಹದಿನಾಲ್ಕನೇ ನಂಬರೂ ಅದೇ ಹೇಳಿದಳು. ಹತ್ತೊಂಬತ್ತನೆಯವಳೂ. ಮೀಟಿಂಗಿನಲ್ಲಿ ಪ್ರೊಫೆಸರ್ ಕೇಳಿದರು. "ಇದೇನು ಪೆನ್ಸಿಲ್ ಸರ್ಕಲ್? ಮೂರು ಜನ ಹೇಳಿದ್ದಾರೆ. ಯಾರಿಗಾದರೂ ಐಡಿಯಾ ಇದೆಯಾ?" ನನ್ನ ಕಡೆ ತಿರುಗಿದರು. "ನೀವು ಕ್ಲಿನಿಕ್ಕಿನಲ್ಲಿ ಕೆಲಸ ಮಾಡಿದವರು."

"ಬೇರೆ ಬೇರೆ ಕಡೆ ಬೇರೆ ಬೇರೆ ಸಿಸ್ಟಮ್ ಇರುತ್ತೆ ಮೇಡಮ್" ಅಂದೆ.

ಬೀಬಿ ಕನ್ನಡಕ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ.

ಆ ಸೊನ್ನೆ ನಮ್ಮ ಕ್ಲಿನಿಕ್ಕಿನದು. ನಮ್ಮ ದೊಡ್ಡ ಡಾಕ್ಟರ್ ಹೇಳಿಕೊಟ್ಟದ್ದು. ಸಂಜೆ ಹೊತ್ತು ರಶ್ ಇರುತ್ತಿತ್ತು. ನೋವಿಗಿಂತ ಗೋಳು ಜಾಸ್ತಿ ಇರುವ ಪೇಷೆಂಟ್ ಬಂದರೆ ಕಾರ್ಡಿನ ಬಲ ಮೂಲೆಯಲ್ಲಿ ಸಣ್ಣ ಸೊನ್ನೆ ಹಾಕಿ ಒಳಗೆ ಕಳಿಸು, ಬೇಗ ಮುಗಿಸಿ ಕಳಿಸುತ್ತೇನೆ ಎಂದಿದ್ದರು. ಪೆನ್ಸಿಲಿನಲ್ಲಿ, ಯಾಕೆಂದರೆ ಆಮೇಲೆ ಅಳಿಸಬಹುದು. ಯಾರಿಗೆ ಹಾಕಬೇಕು ಎಂದು ಅವರು ಹೇಳಲಿಲ್ಲ. ಅದನ್ನು ನನ್ನ ಜಡ್ಜ್‌ಮೆಂಟಿಗೆ ಬಿಟ್ಟರು. ನನಗೆ ಅದೊಂದು ಹೆಮ್ಮೆ ಕೂಡ ಆಗಿತ್ತು.

ಈಗ ಒಂದೊಂದೇ ನೆನಪಾಗುತ್ತದೆ. ಸ್ವರ ಎತ್ತರಿಸಿದವರಿಗೆ ಹಾಕಿದ್ದೇನೆ. ಮನೆಯೊಡತಿ ಫೋನ್ ಮಾಡಿ "ಅವಳು ಆಕ್ಟಿಂಗ್" ಎಂದ ಕೆಲಸದವಳಿಗೆ ಹಾಕಿದ್ದೇನೆ. ನಮ್ಮ ಊರಿನ ಹೆಂಗಸರು ನೆಗಡಿಯನ್ನೂ ಮುಕ್ಕಾಲು ಗಂಟೆ ವಿವರಿಸುತ್ತಿದ್ದರು, ಅವರ ಒಬ್ಬರ ಕಾರ್ಡಿಗೂ ಹಾಕಿದ ನೆನಪಿಲ್ಲ. ಕಣ್ಣು ಮುಚ್ಚಿದರೆ ಆ ಕಾರ್ಡುಗಳನ್ನು ಚಾಚಿದ ಕೈಗಳು ಕಾಣುತ್ತವೆ. ಹೆಚ್ಚಿನವು ಕಪ್ಪು ಕೈಗಳೇ.

ಪ್ರತಿ ತಿಂಗಳೂ ಚರ್ಚಿನಲ್ಲಿ ಪಾಪ ನಿವೇದನೆ ಮಾಡುವವಳು ನಾನು. ಕೋಪ ಬಂತು ಫಾದರ್, ಸೊಸೆಯ ಬಗ್ಗೆ ಮಾತಾಡಿದೆ ಫಾದರ್. ಹತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಆ ಸೊನ್ನೆ ಬಾಯಿಗೆ ಬಂದಿರಲಿಲ್ಲ. ಅದು ಪಾಪ ಎಂದೇ ಗೊತ್ತಿರಲಿಲ್ಲ.

ಮೀಟಿಂಗ್ ಆದ ಮೇಲೆ ಬೀಬಿಗೆ ಹೇಳಿಬಿಡೋಣ ಎಂದು ದಿನಾ ಅಂದುಕೊಳ್ಳುತ್ತಿದ್ದೆ. ಹೇಳಿದರೆ ಅವರು ಮತ್ತೆ ನನ್ನ ಮುಖ ನೋಡುವುದಿಲ್ಲ ಎಂಬ ಹೆದರಿಕೆ. ಆಗ ಅವರನ್ನು ಡಾಕ್ಟರ ಹತ್ತಿರ ಯಾರು ಕರೆದುಕೊಂಡು ಹೋಗುವುದು ಎಂಬ ನೆಪ. ಎರಡೂ ಸೇರಿ ನಾಳೆ ಹೇಳೋಣ ಎಂದಾಗುತ್ತಿತ್ತು. ಬೀಬಿ ದಿನಾ ಮೆಟ್ಟಿಲ ತಿರುವಿನಲ್ಲಿ ನಿಲ್ಲುತ್ತಿದ್ದರು, ನಾನು ಬರೆದಿಡುತ್ತಿದ್ದೆ. ನೋಟ್‌ಬುಕ್ಕಿನ ಹಿಂದಿನ ಪುಟಗಳು ಮುಂದಿನ ಪುಟಗಳ ಹತ್ತಿರ ಬರುತ್ತಿದ್ದವು.

ಐದನೇ ತಿಂಗಳಲ್ಲಿ ಮಸ್ಕತ್ತಿನಿಂದ ಮೂರು ಗಂಟೆ ದೂರದ ಇಬ್ರಿ ಪಟ್ಟಣಕ್ಕೆ ಹೋದೆವು. ಅಲ್ಲಿ ಮೂರು ಜನರನ್ನು ಮಾತಾಡಿಸುವುದಿತ್ತು. ಬೀಬಿಯ ಹಳೇ ಕಾರು, ಅವರೇ ಡ್ರೈವರ್, ನಾವಿಬ್ಬರೇ. ಹಿಂದಿನ ದಿನ ಹೋಗಿ ಉಳಿದು, ಕೆಲಸ ಮುಗಿಸಿ ಮಧ್ಯಾಹ್ನದ ಊಟವಾದ ಮೇಲೆ ಮಸ್ಕತ್ತಿಗೆ ಹೊರಟೆವು. ಇಬ್ರಿ ಬಿಟ್ಟು ಅರ್ಧ ಗಂಟೆ ಆಗಿರಬೇಕು. ಎರಡೂ ಕಡೆ ಬೋಳು ಬಯಲು, ದೂರದಲ್ಲಿ ಬೂದಿ ಬಣ್ಣದ ಗುಡ್ಡ. ಬೀಬಿ ಮಾತು ನಿಲ್ಲಿಸಿದರು. ಅವರು ಮಾತು ನಿಲ್ಲಿಸಿದ್ದೇ ನನಗೆ ಗಾಬರಿ. ಕಾರು ನಿಧಾನವಾಗಿ ಒಂದು ಪೆಟ್ರೋಲ್ ಪಂಪಿನ ನೆರಳಿಗೆ ಹೋಗಿ ನಿಂತಿತು.

ಹಣೆ ಸ್ಟಿಯರಿಂಗಿಗೆ ಊರಿದ್ದರು. ಕುತ್ತಿಗೆಯ ಮೇಲೆಲ್ಲ ಬೆವರು.

"ಐದು ನಿಮಿಷ" ಅಂದರು. "ಸಮೋಸ ತಿನ್ನಬಾರದಿತ್ತು."

"ಇದು ಸಮೋಸ ಅಲ್ಲ ಬೀಬಿ. ಆಂಬುಲೆನ್ಸ್ ಕರೀತೀನಿ."

"ಕರೆದರೆ ಇಳಿದು ನಡ್ಕೊಂಡು ಹೋಗ್ತೀನಿ." ಉಸಿರು ತೆಗೆದುಕೊಂಡರು. "ಅಲ್ಲಿ ಏನಾಗುತ್ತೆ ಅಂತ ನನಗೆ ಗೊತ್ತು. ಗಾಜಿನ ಹಿಂದೆ ಕೂತವಳು ನನ್ನ ಬಣ್ಣ ನೋಡ್ತಾಳೆ. ಡಾಕ್ಟರ್ ಅವಳು ಕೊಟ್ಟ ಕಾಗದ ನೋಡ್ತಾನೆ. ನನ್ನನ್ನು ನೋಡೋರು ಯಾರು?"

ನನ್ನ ಬಾಯಿಂದ ಮಾತು ತಾನಾಗಿ ಬಂತು. "ಗಾಜಿನ ಹಿಂದೆ ಕೂತವಳು ನಾನೇ ಬೀಬಿ. ಆ ಸೊನ್ನೆ ನನ್ನದು. ನಾನೇ ಹಾಕ್ತಿದ್ದೆ."

ಬೀಬಿ ಹಣೆ ಎತ್ತದೆಯೇ ಮುಖವನ್ನು ನನ್ನ ಕಡೆ ತಿರುಗಿಸಿದರು.

"ಹಸಿರು ಸ್ವೆಟರ್" ಅಂದರು.

ಆ ಕ್ಲಿನಿಕ್ಕಿನ ಎ.ಸಿ. ನನಗೆ ಆಗುತ್ತಿರಲಿಲ್ಲ. ಹತ್ತೊಂಬತ್ತು ವರ್ಷವೂ ಒಂದು ಹಸಿರು ಸ್ವೆಟರ್ ಹಾಕಿಕೊಂಡು ಕೂತಿದ್ದೇನೆ.

"ಹೊಟ್ಟೆನೋವು ಅಂತ ಬಂದಿದ್ದೆ. ಎರಡು ಗಂಟೆ ಕೂರಿಸಿದಿರಿ. ಇನ್ನೂ ಎಷ್ಟು ಹೊತ್ತು ಅಂತ ಒಂದು ಸಲ ಜೋರಾಗಿ ಕೇಳಿದೆ. ನೀವು ಪೆನ್ಸಿಲ್ ತಗೊಂಡಿರಿ. ಡಾಕ್ಟರ್ ಗ್ಯಾಸ್ ಅಂದ. ಮೂರನೇ ದಿನ ಅಪೆಂಡಿಕ್ಸ್ ಒಡೀತು. ಒಂದು ತಿಂಗಳು ಬೇರೆ ಆಸ್ಪತ್ರೆಯಲ್ಲಿದ್ದೆ."

"ನಿಮಗೆ ಗೊತ್ತಿತ್ತಾ? ಇಷ್ಟು ದಿನವೂ?"

"ನೀವು ಕೆಲಸ ಕೇಳ್ಕೊಂಡು ಬಂದ ದಿನವೇ ಗೊತ್ತಾಯ್ತು. ಪ್ರೊಫೆಸರಿಗೆ ಟೈಪಿಂಗ್ ಬೇಕಿತ್ತು. ನಿಮ್ಮನ್ನು ಸೇರಿಸ್ಕೊಳ್ಳಿ ಅಂದವಳು ನಾನೇ. ಬಾಯಿ ಬಿಡ್ತೀರಾ ಇಲ್ವಾ ನೋಡೋಣ ಅಂತಿತ್ತು." ಮತ್ತೆ ನಿಲ್ಲಿಸಿದರು, ಕೈ ಎದೆಯ ಮೇಲೆ. "ಐದು ತಿಂಗಳು. ಬಹಳ ಸ್ಲೋ ಸ್ಟೂಡೆಂಟ್."

ನಾನು ಅಳುತ್ತಿದ್ದೆ ಅಂತ ಕಾಣುತ್ತದೆ. ಬೀಬಿ ಕೀ ತೆಗೆದು ನನ್ನ ಮಡಿಲಿಗೆ ಹಾಕಿದರು. "ನಿನ್ನೆಯಾಗಿದ್ದರೆ ನಿಮ್ಮ ಜೊತೆ ಯಾವ ಆಸ್ಪತ್ರೆಗೂ ಹೋಗ್ತಿರಲಿಲ್ಲ. ಈಗ ಹೋಗಬಹುದು. ಯಲ್ಲಾ, ಓಡಿಸಿ. ಒಳಗೆ ನನ್ನ ಜೊತೆ ಬರಬೇಕು. ನನ್ನ ಕಾಗದದ ಮೇಲೆ ಯಾರು ಏನು ಬರೆದರೂ ಗಟ್ಟಿಯಾಗಿ ಓದಿ ಹೇಳಬೇಕು."

ನನ್ನ ಹತ್ತಿರ ಲೈಸೆನ್ಸ್ ಇದೆ, ಐದನೇ ಟೆಸ್ಟಿನಲ್ಲಿ ಪಾಸಾದದ್ದು. ನಮ್ಮವರು ಹೋದ ಮೇಲೆ ಚರ್ಚಿಗೂ ತರಕಾರಿಗೂ ಬಿಟ್ಟರೆ ಸ್ಟಿಯರಿಂಗ್ ಮುಟ್ಟಿದವಳಲ್ಲ. ಬೀಬಿಯನ್ನು ಪಕ್ಕದ ಸೀಟಿಗೆ ದಾಟಿಸಿ, ಇಬ್ರಿಯ ಕಡೆ ತಿರುಗಿಸಿದೆ. ಲಾರಿಗಳು ಹಾರ್ನ್ ಹೊಡೆಯುತ್ತ ನಮ್ಮನ್ನು ದಾಟಿಹೋಗುತ್ತಿದ್ದವು. ನನ್ನ ತುಟಿಯಲ್ಲಿ ಹೇಲ್ ಮೇರಿ, ಪಕ್ಕದಲ್ಲಿ ಅವರ ತುಟಿಯಲ್ಲಿ ಅವರ ಪ್ರಾರ್ಥನೆ.

"ಎಷ್ಟು ಸ್ಪೀಡ್?" ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಅರವತ್ತು."

"ಹೀಗೆ ಓಡಿಸಿದರೆ ನಾನು ಎದೆನೋವಿನಿಂದ ಸಾಯಲ್ಲ. ಮುಪ್ಪಾಗಿ ಸಾಯ್ತೀನಿ."

ಎಂಬತ್ತಕ್ಕೆ ಏರಿಸಿದೆ. ನನ್ನ ಜೀವನದಲ್ಲಿ ಅಷ್ಟು ಹೆದರಿದ್ದು ಅದೇ.

ಆಸ್ಪತ್ರೆಯಲ್ಲಿ ಬಾಗಿಲಿನಿಂದಲೇ ವ್ಹೀಲ್‌ಚೇರಿನಲ್ಲಿ ಒಳಗೆ ಒಯ್ದರು. ಡಾಕ್ಟರ್ ಚಿಕ್ಕ ಪ್ರಾಯದವನು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಮೆಲ್ಲಗೆ ಕೇಳಿದ. "ನೋವು ಯಾವಾಗಿನಿಂದ ತಾಯಿ?"

ಬೀಬಿ ಅಂದರು, "ಈಗ ಅರ್ಧ ಗಂಟೆಯಿಂದ. ಏನಿಲ್ಲ, ಗ್ಯಾಸ್."

ನಾನು ಅವರ ಮುಖ ನೋಡಿದೆ. ಅಷ್ಟು ಜನರ ಮಾತು ಕೇಳಿ ಕೇಳಿ ದಾಖಲು ಮಾಡಿದವರು, ತಮ್ಮ ಸರದಿ ಬಂದಾಗ ಆ ಹಳೇ ಡಾಕ್ಟರ ಮಾತನ್ನೇ ಹೇಳುತ್ತಿದ್ದರು. ಇವನು ಕೇಳುವ ಮೊದಲೇ ತಾವೇ ತಮ್ಮ ಕಾರ್ಡಿಗೆ ಸೊನ್ನೆ ಹಾಕಿಕೊಂಡಂತೆ ಕಂಡಿತು.

ನಾನು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ಹಿಂದಿನ ಪುಟ ಬಿಡಿಸಿದೆ. "ಅರ್ಧ ಗಂಟೆ ಅಲ್ಲ ಡಾಕ್ಟರ್. ಹನ್ನೊಂದು ವಾರ." ಓದತೊಡಗಿದೆ. ಸೋಮವಾರ, ಎರಡನೇ ತಿರುವು, ಅರ್ಧ ನಿಮಿಷ. ಬುಧವಾರ, ಎಡಗೈ. ಇವನೂ ಸಾಕು ಅಂದುಬಿಟ್ಟರೆ, ಇಬ್ಬರು ಮುದುಕಿಯರ ಗೋಳು ಎಂದು ಗಡಿಯಾರ ನೋಡಿದರೆ ಏನು ಮಾಡಲಿ ಎಂದು ಹೆದರುತ್ತಲೇ ಓದಿದೆ. ಅವನು ನೋಟ್‌ಬುಕ್ಕಿಗೆ ಕೈ ಚಾಚಿದ. ಒಂದೊಂದೇ ಸಾಲು ತಾನೇ ಓದಿದ. ನಂತರ ಬೀಬಿಯ ಮುಖವನ್ನು ನೋಡಿ, "ಇದೆಲ್ಲ ನಿಜವಾ ತಾಯಿ?" ಅಂದ.

ಬೀಬಿ ನನ್ನ ಕಡೆ ನೋಡಿದರು. "ಪೆನ್ನಿನಲ್ಲಿ ಬರೆದಿದ್ದಾಳೆ" ಅಂದರು. "ನಿಜವೇ ಇರಬೇಕು."

ಇ.ಸಿ.ಜಿ. ಪಟ್ಟಿ ಹೊರಗೆ ಬರುತ್ತಿದ್ದಂತೆ ಆ ಹುಡುಗನ ಕೈ ಚುರುಕಾಯಿತು. ಹಾರ್ಟ್ ಅಟ್ಯಾಕ್. ಇನ್ನೊಂದು ಗಂಟೆ ಬಿಟ್ಟು ಬಂದಿದ್ದರೆ ಎಂದು ಶುರುಮಾಡಿದವನು ವಾಕ್ಯ ಮುಗಿಸಲಿಲ್ಲ. ಅಲ್ಲಿಂದ ಮಸ್ಕತ್ತಿಗೆ ಕಳಿಸಿ ಸ್ಟೆಂಟ್ ಹಾಕಿದರು.

ಒಂದು ತಿಂಗಳ ನಂತರ ಬೀಬಿ ಮತ್ತೆ ಆಫೀಸಿಗೆ ಬಂದರು. ಪ್ರೊಫೆಸರ್ ಹೆದರಿ ನೆಲ ಅಂತಸ್ತಿನಲ್ಲಿ, ಹಸನಬ್ಬನ ಪಕ್ಕದಲ್ಲೇ ಒಂದು ರೂಮು ಹಿಡಿದಿದ್ದರು. ಮೊದಲ ದಿನ ಬೀಬಿ ಮಾಡಿದ ಕೆಲಸ ನನ್ನನ್ನು ಕೂರಿಸಿದ್ದು. ಪಕ್ಕದಲ್ಲಿ ಕೂತು ರೆಕಾರ್ಡರ್ ಆನ್ ಮಾಡಿ ನನ್ನ ಕೈಗಿಟ್ಟರು.

"ಕೆಂಪು ಬಟನ್ ನಿಮ್ಮದು."

ಗಾಜಿನ ಆಚೆಯವರ ಕತೆ ಇಲ್ಲದೆ ಈ ಕೆಲಸ ಅರ್ಧ ಎಂದು ಪ್ರೊಫೆಸರನ್ನು ಒಪ್ಪಿಸಿದ್ದರಂತೆ. ಎರಡು ಗಂಟೆ ಮಾತಾಡಿದೆ. ಬೆರಳು ಬಟನ್ನಿನ ಮೇಲೇ ಇತ್ತು, ಜಾರಿ ಮಡಿಲಿಗೆ ಬರಲಿಲ್ಲ. ಒತ್ತಲೂ ಇಲ್ಲ. "ಸೊನ್ನೆ ಹಾಕುವಾಗ ಏನನಿಸ್ತಿತ್ತು?" ಎಂದು ಕೇಳಿದರು. "ಏನೂ ಅನಿಸ್ತಿರಲಿಲ್ಲ" ಅಂದೆ. ಹೇಳಲು ಬಹಳ ಕಷ್ಟವಾದ ಉತ್ತರ ಅದೇ. ಆ ರೆಕಾರ್ಡಿಂಗನ್ನೂ ನಾನೇ ಟೈಪ್ ಮಾಡಬೇಕಾಯಿತು. ಬೇರೆಯವರಿಗೆ ಕೊಡೋಣವೇ ಎಂದು ಪ್ರೊಫೆಸರ್ ಕೇಳಿದಾಗ ಬೀಬಿ ಬೇಡ ಅಂದರು.

ಮುಗಿದ ಮೇಲೆ ಕೇಳಿದೆ. "ಬೀಬಿ, ನನ್ನನ್ನು ಕ್ಷಮಿಸಿದ್ದೀರಾ?"

"ಚಹಾ ಆರ್ತಾ ಇದೆ" ಅಂದರು.

ಮತ್ತೆ ಕೇಳಲು ಧೈರ್ಯವಾಗಲಿಲ್ಲ. ಅಲ್ಲಿಂದ ಮುಂದೆ ಪ್ರತಿ ಚೆಕಪ್ಪಿಗೂ ನನ್ನನ್ನು ಕರೆದುಕೊಂಡು ಹೋದರು. ಡಾಕ್ಟರ್ ಹೇಳಿದ್ದನ್ನೆಲ್ಲ ನಾನು ಕಾಗದದ ಹಿಂದೆ ಪೆನ್ನಿನಲ್ಲಿ ಬರೆದು ಕಾರಿನಲ್ಲಿ ಓದಿ ಹೇಳಬೇಕು. ಮಾತ್ರೆ ಡಬ್ಬಿಗೆ ಹೋಗದೆ ಬಾಯಿಗೆ ಹೋಗುತ್ತಿತ್ತು. ಹದಿನಾಲ್ಕು ತಿಂಗಳು ಹೀಗೆ. ಈ ಹದಿನಾಲ್ಕು ತಿಂಗಳೂ ಅವರ ಫೋನ್ ಬಂದರೆ ನನಗೆ ಹೆದರಿಕೆ, ಬರದಿದ್ದರೆ ಇನ್ನೂ ಹೆದರಿಕೆ.

ಕಳೆದ ತಿಂಗಳು ಮಧ್ಯಾಹ್ನದ ನಂತರದ ನಮಾಜು ಮುಗಿಸಿ, ಕುರ್ಚಿಯಲ್ಲಿ ಕೂತಲ್ಲೇ ಹೋದರು. ದೂರಲು ಯಾವ ಡಾಕ್ಟರೂ ಇರಲಿಲ್ಲ.

ಮೂರನೇ ದಿನ ಬೌಷರಿನ ಮನೆಗೆ ಹೋದೆ. ಹೆಂಗಸರೆಲ್ಲ ನೆಲದ ಮೇಲೆ ಕೂತಿದ್ದರು, ಖರ್ಜೂರ, ಕಾಫಿ ಕೈಯಿಂದ ಕೈಗೆ ಹೋಗುತ್ತಿತ್ತು. ಹನ್ನೊಂದನೇ ನಂಬರಿನವಳೂ ಬಂದಿದ್ದಳು. ನಾನು ಯಾರೆಂದು ಅವಳಿಗೆ ಆಗಲೇ ಹೇಳಿದ್ದೆ. ಪಕ್ಕದಲ್ಲಿ ಜಾಗ ಬಿಡಲಿಲ್ಲ, ಎದ್ದು ಹೋಗಲೂ ಇಲ್ಲ. ಬೀಬಿಯ ಮಗಳು ನನ್ನನ್ನು ಒಳಗೆ ಕರೆದು ಒಂದು ಪ್ಲಾಸ್ಟಿಕ್ ಫೈಲ್ ಕೊಟ್ಟಳು. "ಉಮ್ಮ ನಿಮಗೆ ಕೊಡು ಅಂದಿದ್ದರು ಆಂಟಿ. ಎಲ್ಲ ನಿಮ್ಮ ಹ್ಯಾಂಡ್‌ರೈಟಿಂಗೇ ಅಂತ ಹೇಳ್ತಿದ್ದರು."

ಮನೆಗೆ ಬಂದು ಬಿಡಿಸಿದೆ. ಇಬ್ರಿಯ ಕಾಗದ, ಸ್ಟೆಂಟಿನ ಕಾಗದ, ಚೆಕಪ್ಪಿನವು, ಎಲ್ಲದರ ಹಿಂದೆ ನನ್ನ ಅಕ್ಷರ. ಎಲ್ಲಕ್ಕಿಂತ ಕೆಳಗೆ ಒಂದು ಹಳದಿ ಕಾರ್ಡು. ನಮ್ಮ ಕ್ಲಿನಿಕ್ಕಿನದು. ಪೇಷೆಂಟ್ ಹೋಗುವಾಗ ವಾಪಸ್ ಕೊಡಬೇಕಿತ್ತು. ಆ ದಿನ ಕೋಪದಲ್ಲಿ ತೆಗೆದುಕೊಂಡೇ ಹೋಗಿರಬೇಕು. ಅವರ ಹೆಸರು, ವಯಸ್ಸು, ಕಂಪ್ಲೇಂಟ್, ಎಲ್ಲ ನಾನು ಕಾನ್ವೆಂಟಿನಲ್ಲಿ ಕಲಿತ ದುಂಡಗಿನ ಅಕ್ಷರದಲ್ಲಿ. ಬಲ ಮೂಲೆಯಲ್ಲಿ ಸೊನ್ನೆ. ಇಷ್ಟು ವರ್ಷವಾದರೂ ಮಾಸಿರಲಿಲ್ಲ, ಅಷ್ಟು ಚೆನ್ನಾಗಿ ಒತ್ತಿ ಬರೆದಿದ್ದೆ. ಇದು ಅವರ ಹತ್ತಿರ ಇದೆಯೆಂದು ಒಂದು ದಿನವೂ ಹೇಳಿರಲಿಲ್ಲ. ಬೇಕಿದ್ದರೆ ಆ ಮೀಟಿಂಗಿನಲ್ಲೇ ಮೇಜಿನ ಮೇಲೆ ಇಟ್ಟುಬಿಡಬಹುದಿತ್ತು.

ಮೊಮ್ಮಗಳು ಪಕ್ಕದಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದಳು. ಬಗ್ಗಿ ನೋಡಿದಳು. "ಗ್ರ್ಯಾನಿ, ಇಟ್ಸ್ ಓನ್ಲಿ ಪೆನ್ಸಿಲ್. ಡು ಯು ವಾಂಟ್ ಮೈ ಇರೇಸರ್?"

ಬೇಡ ಮಗಾ ಅಂದೆ. ನನ್ನ ಪೆನ್ ತೆಗೆದುಕೊಂಡೆ. ಗೆರೆ ಮೊದಲಿನಷ್ಟು ದುಂಡಗೆ ಬರಲಿಲ್ಲ. ಆ ಸೊನ್ನೆಯ ಮೇಲೆ, ಗೆರೆಯ ಮೇಲೆ ಗೆರೆ ಬರುವ ಹಾಗೆ, ನಿಧಾನವಾಗಿ ತಿದ್ದಿದೆ. ಕೆಳಗೆ ನನ್ನ ಸಹಿ ಹಾಕಿದೆ. ಶಾಯಿ ಆರುವವರೆಗೆ ಕಾದು, ನನ್ನ ರೆಕಾರ್ಡಿಂಗಿನ ಜೊತೆ ಸೇರಲಿ ಎಂದು, ಪ್ರೊಫೆಸರಿಗೆ ಕೊಡುವ ಲಕೋಟೆಯಲ್ಲಿಟ್ಟೆ.